ನಿಧಾನದ ಕೈ

ಶವದ ವ್ಯಾನಿನ ಅಡಿಯಿಂದ ಎರಡು ಕಾಲು ಹೊರಗೆ ಚಾಚಿಕೊಂಡಿದ್ದವು. ಪಾಲಿಶ್ ಹಾಕಿದ ಕರಿ ಬೂಟು, ಇಸ್ತ್ರಿ ಮಾಡಿದ ಪ್ಯಾಂಟು. ಚಹಾದ ತಟ್ಟೆ ಹಿಡಿದು ಗೇಟಿನ ಹತ್ತಿರ ಬಂದ ಮಗಳು ಅಲ್ಲೇ ನಿಂತಳು.

"ಮಾಮ, ನೀವಾ?"

"ನಾನೇ ಕಣಮ್ಮ." ಅಮ್ಮನ ಕಾರ್ಖಾನೆಯ ಫಿಟ್ಟರ್ ಮಾಮನ ದನಿ ವ್ಯಾನಿನ ಹೊಟ್ಟೆಯೊಳಗಿಂದ ಬಂತು. "ಟೀ ಅಲ್ಲೇ ಇಡು. ಒಂದು ಚಾಕ್‌ಪೀಸ್ ಇದ್ರೆ ಕೊಡು. ಅಪ್ಪನ ಜೇಬಲ್ಲಿ ಇದ್ದೇ ಇರುತ್ತೆ."

"ಏನ್ ಮಾಡ್ತಿದ್ದೀರಾ ಅಲ್ಲಿ?"

"ನಿಮ್ಮಮ್ಮನ ಕೆಲಸ."

ವ್ಯಾನಿನ ಡ್ರೈವರ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ನೋಡಿ ಮೇಡಂ, ಹದಿನಾರು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ಗಾಡಿ ಒಳಗೆ ಹೋಗೋರನ್ನ ದಿನಾ ನೋಡ್ತೀನಿ. ಗಾಡಿ ಅಡಿಗೆ ಹೋದೋರನ್ನ ಇವತ್ತೇ ನೋಡಿದ್ದು."

ಮಗಳಿಗೆ ನಗು ಬಂತು. ಎರಡು ದಿನದಲ್ಲಿ ಮೊದಲನೆಯದು. ನಕ್ಕೆನಲ್ಲ ಎಂದು ಬಾಯಿಗೆ ಕೈ ಹಿಡಿಯಲು ಹೋದಳು. ಕೈಯಲ್ಲಿ ತಟ್ಟೆಯಿತ್ತು, ಹಾಗಾಗಿ ನಗು ಹೊರಗೇ ಬಂದುಬಿಟ್ಟಿತು. ಬೀದಿಯಲ್ಲಿ ಗುಂಪುಗುಂಪಾಗಿ ನಿಂತಿದ್ದ ಕಾರ್ಖಾನೆಯವರೆಲ್ಲ ತಿರುಗಿ ನೋಡಿದರು. ನೋಡಿ, ಅವರೂ ಸ್ವಲ್ಪ ನಕ್ಕರು.

ಒಳಗೆ ಮುಂದಿನ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಅಮ್ಮ ಮಲಗಿದ್ದಳು. ಮೊನ್ನೆ ಬೆಳಗ್ಗೆ ಮೊದಲ ಚಹಾ ಆರುವುದರೊಳಗೆ ಹೃದಯ ನಿಂತಿತ್ತು. ಐವತ್ತೊಂಬತ್ತು ವರ್ಷ. ಅದರಲ್ಲಿ ಇಪ್ಪತ್ತೇಳು ವರ್ಷ ವಾಹನದ ಕಾರ್ಖಾನೆಯ ಅಂದಾಜು ಕೋಣೆಯಲ್ಲಿ ಕಳೆದವಳು. ಬರೀ ಎಂಜಿನ್ನಿನ ಮೇಲೆ ಓಡುವ ಗಾಡಿಗೆ ಬ್ಯಾಟರಿ, ವಿದ್ಯುತ್ ಮೋಟಾರು ಎರಡನ್ನೂ ಜೊತೆ ಮಾಡಿದರೆ ಅದನ್ನು ತಯಾರಿಸಲು ಎಷ್ಟು ಹೆಚ್ಚು ಖರ್ಚು ಬೀಳುತ್ತದೆ ಎಂದು ಹೇಳುವುದು ಅವಳ ಕೆಲಸ. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಅಂದಾಜಮ್ಮ ಎನ್ನುತ್ತಿದ್ದರು. ಎದುರಿಗೇ.

ಅಡುಗೆಮನೆಯ ಮೇಜಿನ ಹತ್ತಿರ ಅಪ್ಪ ಕುಳಿತಿದ್ದರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಬಿಳಿ ಅಂಗಿ ತೊಟ್ಟಿದ್ದರು. ಪಕ್ಕದಲ್ಲಿ ದೊಡ್ಡಮ್ಮ, ಅಂದರೆ ಅಂದಾಜಮ್ಮನ ಅಕ್ಕ. ಎದುರಿಗೆ ಲ್ಯಾಪ್‌ಟಾಪ್ ತೆರೆದುಕೊಂಡು ಅಂದಾಜು ಕೋಣೆಯ ಕಿರಿಯ ಹುಡುಗಿ. ಸದಾ ಜಡೆಗೆ ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಿದ್ದುದರಿಂದ ಅವಳ ಹೆಸರೇ ಪೆನ್ಸಿಲ್ ಆಗಿತ್ತು. ಇವತ್ತೂ ಪೆನ್ಸಿಲ್ ಇತ್ತು. ಕಣ್ಣು ಕೆಂಪಾಗಿತ್ತು.

"ಖರ್ಚಿನ ಪಟ್ಟಿಯಲ್ಲಿ ಮುನ್ನೂರ ಹದಿನೆಂಟು ಮನೆ ತುಂಬಿದೆ ಸರ್," ಅವಳು ಪರದೆಯನ್ನು ಅವರ ಕಡೆ ತಿರುಗಿಸಿದಳು. "ಒಂದೇ ಒಂದು ಖಾಲಿ."

ಅವಳು ಬಿಡಿಸಿ ಹೇಳಿದಳು. ಕಂಪನಿ ಈ ವರ್ಷ ಎರಡು ಅಳತೆಯ ವ್ಯಾನುಗಳಿಗೆ ಬ್ಯಾಟರಿ, ಮೋಟಾರು ಕೂಡಿಸಬೇಕೆಂದಿದೆ, ಗಿಡ್ಡದ್ದು ಮತ್ತು ಉದ್ದದ್ದು. ಗಿಡ್ಡ ವ್ಯಾನನ್ನು ಲಿಫ್ಟಿನ ಮೇಲೆ ಎತ್ತಿ ನಿಂತುಕೊಂಡೇ ಕೆಲಸ ಮಾಡಬಹುದು. ಉದ್ದದ್ದು ಲಿಫ್ಟಿನ ಮೇಲೆ ಕೂರುವುದಿಲ್ಲ. ಹಿಂದಿನ ಬ್ಯಾಟರಿಯಿಂದ ಮುಂದಿನ ಮೋಟಾರಿನವರೆಗೆ ಕೇಬಲ್ ಎಳೆದು ಹನ್ನೆರಡು ಕಡೆ ಕ್ಲಿಪ್ ಹಾಕಲು ಯಾರಾದರೂ ಅಡಿಗೆ ಹೋಗಿ ಮಲಗಬೇಕು. ಅದಕ್ಕೆ ಎಷ್ಟು ನಿಮಿಷ ಬೇಕು? ಆ ಮನೆಯೇ ಖಾಲಿ. ಅಳೆಯಲು ಉದ್ದದ ವ್ಯಾನು ಮುಂದಿನ ವಾರ ಬರುವುದಿತ್ತು. ಪಟ್ಟಿ ಮಾತ್ರ ಇವತ್ತು ಮೂರು ಗಂಟೆಗೆ ಹೋಗಬೇಕು.

"ಸಾವಾಗಿದೆ, ಒಂದು ದಿನ ಕೊಡಿ ಅನ್ನೋಕೆ ಆಗಲಿಲ್ವಾ?" ದೊಡ್ಡಮ್ಮ ಕೇಳಿದರು.

"ಕೇಳಿದೆ ಆಂಟಿ. ಆ ಒಂದು ದಿನವೇ ಇವತ್ತು. ನಿನ್ನೆಗೇ ಮುಗೀಬೇಕಿತ್ತು." ಪೆನ್ಸಿಲ್ ಮೂಗು ಒರೆಸಿಕೊಂಡಳು. "ಮನೆ ಖಾಲಿ ಇದ್ರೆ ಪಟ್ಟಿ ವಾಪಸ್. ಇಪ್ಪತ್ತು ನಿಮಿಷದ ಒಳಗಿದ್ರೆ ಈ ವ್ಯಾನಿನ ಕೆಲಸ ನಮ್ಮಲ್ಲೇ ಉಳಿಯುತ್ತೆ. ಇಪ್ಪತ್ತು ದಾಟಿದ್ರೆ ಇನ್ನೊಂದು ಊರಿನ ಕಾರ್ಖಾನೆಗೆ. ನಲವತ್ತೆರಡು ಜನ ಇದ್ದಾರೆ ಸರ್ ಆ ವ್ಯಾನು ಜೋಡಿಸೋ ಸಾಲಿನಲ್ಲಿ."

ಆ ನಲವತ್ತೆರಡು ಜನ ಒಗೆದ ಅಂಗಿ ಹಾಕಿಕೊಂಡು ಹೊರಗೆ ಬೀದಿಯಲ್ಲಿ ನಿಂತಿದ್ದರು.

"ಹದಿನೈದು ಅಂತ ಬರೆದು ಬಿಸಾಕಮ್ಮ," ಎಂದರು ದೊಡ್ಡಮ್ಮ. "ಯಾರು ಬಂದು ನೋಡ್ತಾರೆ?"

ಮೇಷ್ಟ್ರು ತಲೆಯೆತ್ತಿದರು. "ನೋಡದೆ ಬರೆದ್ರೆ ಅದು ಅಂದಾಜಲ್ಲ ಅಕ್ಕಾ. ಆಸೆ."

ಆಗಲೇ ಫಿಟ್ಟರ್ ಮಾಮ ಒಳಗೆ ಬಂದದ್ದು. ಕೂದಲಲ್ಲಿ ಧೂಳು, ಹಣೆಯ ಮೇಲೆ ಗ್ರೀಸು, ಮುಖದ ತುಂಬ ಬೆಳಕು.

"ಮೇಷ್ಟ್ರೇ, ಉದ್ದದ ವ್ಯಾನು ಮುಂದಿನ ವಾರ ಬರುತ್ತೆ ಅಂತ ಕಾಯ್ತಾ ಕೂತಿದ್ವಿ. ಅದು ಮನೆ ಬಾಗಿಲಿಗೇ ಬಂದು ನಿಂತಿದೆ! ನಮ್ಮ ಕಂಪನಿಯದೇ ವ್ಯಾನು, ಉದ್ದದ್ದು. ಹನ್ನೆರಡು ಜಾಗಕ್ಕೂ ಗುರುತು ಹಾಕಿ ಬಂದಿದ್ದೀನಿ. ಈ ಊರಲ್ಲಿ ಅಂಥದ್ದು ಇರೋದೇ ಇದೊಂದು. ಅಂದಾಜಮ್ಮ ತನ್ನ ಗಾಡಿ ತಾನೇ ಗೊತ್ತುಮಾಡ್ಕೊಂಡಿದ್ದಾರೆ ನೋಡಿ."

"ಅಯ್ಯೋ, ಇವಳ ಮದುವೆ ದಿನವೂ ಹೀಗೇ," ಎಂದು ದೊಡ್ಡಮ್ಮ ಹಣೆ ಚಚ್ಚಿಕೊಂಡರು. "ಊಟಕ್ಕೆ ಇನ್ನೂರ ಹನ್ನೆರಡು ಜನ ಅಂದಳು. ಅಲಂಕಾರ ಮಾಡ್ಕೊಂಡು ಬಾಗಿಲಲ್ಲಿ ನಿಂತು ತಲೆ ಎಣಿಸ್ತಿದ್ದಾಳೆ. ಇನ್ನೂರ ಹನ್ನೊಂದೇ ಬಂದಿದ್ದು. ಆಮೇಲೆ ನೋಡಿದ್ರೆ, ಮದುಮಗಳನ್ನೇ ಎಣಿಸಿರಲಿಲ್ಲ."

ಅಡುಗೆಮನೆಯಲ್ಲಿ ನಾಲ್ಕೂ ಜನ ನಕ್ಕರು. ಮೇಷ್ಟ್ರು ಎದ್ದು ಹಿತ್ತಲಿಗೆ ಹೋದರು. ಬಟ್ಟೆ ಒಣಹಾಕುವ ನೀಲಿ ಹಗ್ಗವನ್ನು ಬಿಚ್ಚಿ, ಸುರುಳಿ ಸುತ್ತಿ, ಕ್ಲಿಪ್ಪಿನ ಬುಟ್ಟಿಯ ಸಮೇತ ತಂದು ಮೇಜಿನ ಮೇಲಿಟ್ಟರು.

"ಕೇಬಲ್ಲು," ಎಂದರು.

*

ಇಪ್ಪತ್ತೇಳು ವರ್ಷದ ಹಿಂದೆ ಅಂದಾಜಮ್ಮನ ಮೊದಲ ಕೆಲಸಕ್ಕೆ ಕಂಪನಿ ಎರಡು ಕಾರು ತರಿಸಿತ್ತು. ಒಂದೇ ಮಾದರಿ, ಒಂದೇ ಬಣ್ಣ. ಒಂದು ಸಾದಾ, ಇನ್ನೊಂದರಲ್ಲಿ ಬ್ಯಾಟರಿ ಮೋಟಾರು ಕೂಡಿತ್ತು. ಒಂಬತ್ತು ದಿನ ಕುಳಿತು ಎರಡನ್ನೂ ಕೊನೆಯ ಬೋಲ್ಟಿನವರೆಗೆ ಬಿಚ್ಚಿದರು. ಎಡಗಡೆಯ ಮೇಜುಗಳ ಮೇಲೆ ಸಾದಾ ಕಾರು, ಬಲಗಡೆ ಇನ್ನೊಂದು. ಎರಡೂ ಕಡೆ ಇರುವ ವಸ್ತುವನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಬಾಗಿಲಿಗೆ ಬಾಗಿಲು ವಜಾ, ಗಾಲಿಗೆ ಗಾಲಿ ವಜಾ. ಉಳಿದದ್ದಷ್ಟೇ ಹೆಚ್ಚುವರಿ. ಅವಳು ಬಲಗಡೆ ಉಳಿದ ಒಂದೊಂದನ್ನೂ ತೂಗಿ, ಅಳೆದು, ಯಾವುದನ್ನು ಎಲ್ಲಿ ಯಾರು ಎಷ್ಟು ಹೊತ್ತಿನಲ್ಲಿ ಮಾಡಿರಬಹುದೆಂದು ವಿಚಾರಿಸಿ, ಇಪ್ಪತ್ತಾರು ಹಾಳೆ ಬರೆದಳು. ಮ್ಯಾನೇಜರು ಬೆನ್ನು ತಟ್ಟಿದರು.

ಆಗಿನ್ನೂ ಮೀಸೆ ಚಿಗುರುತ್ತಿದ್ದ ಫಿಟ್ಟರು ಎಡಗಡೆಯ ಮೂಲೆಯಲ್ಲಿ ಕ್ರೇಟಿನ ಮೇಲೆ ಕುಳಿತು ಬ್ರೆಡ್ಡು ತಿನ್ನುತ್ತಿದ್ದ. ಅವನ ಕಾಲ ಹತ್ತಿರ ಒಂದು ರಾಶಿ ಇತ್ತು.

"ಮೇಡಂ, ಇವನ್ನ ಏನ್ ಮಾಡೋದು?"

ಎಂಜಿನ್ ಎಬ್ಬಿಸುವ ಸ್ಟಾರ್ಟರು. ಒಂದು ಬೆಲ್ಟು. ಕರೆಂಟು ಹುಟ್ಟಿಸುವ ಡೈನಮೊ. ಎಲ್ಲ ಸಾದಾ ಕಾರಿನವು. ಆ ಕೆಲಸವನ್ನೆಲ್ಲ ಮೋಟಾರೇ ಮಾಡುವುದರಿಂದ ಬಲಗಡೆಯ ಕಾರಿನಲ್ಲಿ ಅವುಗಳ ಸುಳಿವೇ ಇರಲಿಲ್ಲ. ಅವಳು ಬಂದದ್ದನ್ನಷ್ಟೇ ಬರೆದಿದ್ದಳು. ಹೋದದ್ದನ್ನು ಕಳೆದೇ ಇರಲಿಲ್ಲ.

ಬೇರೆಯವರಾಗಿದ್ದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಅವಳು ನೆಲದ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇಪ್ಪತ್ತಾರು ಹಾಳೆಯನ್ನೂ ಹರಿದಳು. ಅವನ ಬ್ರೆಡ್ಡಿನಲ್ಲಿ ಅರ್ಧ ಕಿತ್ತುಕೊಂಡು ತಿಂದಳು. ಅಂದಿನಿಂದ ಅವಳ ಪ್ರತಿ ಹಾಳೆಯಲ್ಲೂ ಎರಡು ಸಾಲು: ಬಂದದ್ದು, ಹೋದದ್ದು.

ಮಗಳು ಹುಟ್ಟಿದಾಗಲೂ ಆಸ್ಪತ್ರೆಯ ಚೀಟಿಯ ಹಿಂದೆ ಬರೆದಿದ್ದಳು. ಬಂದದ್ದು: ದಿನಕ್ಕೆ ಹನ್ನೊಂದು ಒದ್ದೆ ಬಟ್ಟೆ, ಒಂದು ತೊಟ್ಟಿಲು, ಅತ್ತೆ. ಹೋದದ್ದು: ನಿದ್ದೆ, ಸಿನಿಮಾ, ಭಾನುವಾರದ ಜಗಳ. ಮೇಷ್ಟ್ರು ಕೆಳಗೆ ಗೆರೆ ಎಳೆದು, ಒಟ್ಟು ಎಂಬಲ್ಲಿ, ನಿದ್ದೆ ಮಾಡುತ್ತಿರುವ ಕೂಸಿನ ಚಿತ್ರ ಬರೆದಿದ್ದರು.

*

"ಮೊದಲು ಪೆಟ್ಟಿಗೆ ಒಳಗೆ ಹೋಗ್ಲಿ," ಡ್ರೈವರ್ ಪಟ್ಟು ಹಿಡಿದ. "ನಾಲ್ಕು ಗಂಟೆಗೆ ಅಂತಿಮ ದರ್ಶನದ ಸಭಾಂಗಣ ನಮ್ಮದು. ಎರಡಕ್ಕೆ ಏರಿಸ್ತೀವಿ ಅಂದ್ರೆ ಎರಡಕ್ಕೆ. ಆಮೇಲೆ ಅಡಿಗೆ ಹೋಗಿ, ಮೇಲೆ ಹತ್ತಿ, ನಂಗೇನು."

ಎರಡಕ್ಕೆ ಸರಿಯಾಗಿ ಆರು ಜನ ಪೆಟ್ಟಿಗೆಯನ್ನು ಹೊತ್ತು ತಂದು ವ್ಯಾನಿನಲ್ಲಿ ಇಟ್ಟರು. ಮಗಳು ಅಪ್ಪನ ತೋಳು ಹಿಡಿದುಕೊಂಡಿದ್ದಳು. ಡ್ರೈವರ್ ಹಿಂದಿನ ಬಾಗಿಲನ್ನು ಮೆಲ್ಲಗೆ, ಸದ್ದಾಗದಂತೆ ಮುಚ್ಚಿದ. ಆಮೇಲೆ ತಾನೇ ಹೋಗಿ ಗಾಲಿಗಳಿಗೆ ಕಲ್ಲು ಕೊಟ್ಟ.

"ಕೀಲಿ," ಫಿಟ್ಟರ್ ಮಾಮ ಕೈ ಚಾಚಿದರು. "ಅಡಿಗೆ ಹೋಗೋನ ಜೇಬಲ್ಲೇ ಕೀಲಿ. ನಮ್ಮ ಶೆಡ್ಡಿನ ಕಾನೂನು."

ರಟ್ಟಿನ ಹಾಳೆ ಹಾಸಿಕೊಂಡು ಮೊದಲು ಅವರೇ ಹೋದರು. ಪೆನ್ಸಿಲ್ ಗಡಿಯಾರ ಒತ್ತಿದಳು. ನೀಲಿ ಹಗ್ಗ ಹಾವಿನ ಹಾಗೆ ಒಳಗೆ ಸರಿಯಿತು. ಚಟ್, ಚಟ್, ಚಟ್. ಏಳು ನಿಮಿಷ. ಬೀದಿಯಲ್ಲಿ ಶಿಳ್ಳೆ ಬಿತ್ತು.

"ಏಳು ಅಂತ ಬರೀ, ಮುಗೀತು," ದೊಡ್ಡಮ್ಮ ಅಂದರು.

"ಅದು ನನ್ನ ಕೈ ಅಕ್ಕೋರೇ. ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿದ ಕೈ."

ನಂತರ ಪೆನ್ಸಿಲ್ ಹೋದಳು. ಗಡಿಯಾರವನ್ನು ಮಗಳು ಹಿಡಿದಳು. ಹದಿಮೂರು ನಿಮಿಷ. ಹೊರಗೆ ಬಂದಾಗ ಜಡೆಯ ತುಂಬ ಒಣಗಿದ ಕೆಸರು. ಈಗ ಗಂಟೆ ಎರಡು ಇಪ್ಪತ್ತೈದು. ನಲವತ್ತೆರಡು ಜನರೂ ಹತ್ತಿರ ಬಂದು ಮುತ್ತಿಕೊಂಡಿದ್ದರು. ಪೆನ್ಸಿಲ್ ಲ್ಯಾಪ್‌ಟಾಪ್ ತೆರೆದಳು, ಬರೆಯಲಿಲ್ಲ. ಆ ಮನೆಯ ಪಕ್ಕದಲ್ಲಿ ಇನ್ನೊಂದು ಪುಟ್ಟ ಮನೆ ಇತ್ತು: ಯಾರ ಕೈ?

"ಮೇಡಂ ಇದ್ದಿದ್ರೆ ಈಗ ಅವರೇ ಹೋಗ್ತಿದ್ರು," ಎಂದಳು. "ಅವರು ಬರೀತಿದ್ದದ್ದು ಮೂರನೇ ಕೈಯದ್ದು. ನಿಧಾನದ ಕೈ."

*

ಹಿಂದೊಮ್ಮೆ ಮ್ಯಾನೇಜರು ಅಂದಾಜಮ್ಮನನ್ನು ಕೇಳಿದ್ದರು, ಬೇರೆ ಕಂಪನಿಯವರೆಲ್ಲ ಚುರುಕಾದವನನ್ನು ನಿಲ್ಲಿಸಿ ಅಳೆಯುತ್ತಾರೆ, ನೀವ್ಯಾಕೆ ಹೀಗೆ ಎಂದು.

"ಬೆಳಗ್ಗೆ ಎಂಟಕ್ಕೆ ಎಲ್ಲರೂ ಹುಲಿ ಸಾರ್," ಎಂದಿದ್ದಳು. "ಸಂಜೆ ಐದಕ್ಕೆ ಗಾಡಿ ಮಾಡೋರು ಯಾರು? ಮಗುವಿಗೆ ಜ್ವರ ಬಂದ ದಿನ ಮಾಡೋರು ಯಾರು? ಅವರೇ ತಾನೇ?"

ಹಾಗೆಂದು ದಣಿದವರನ್ನು ಹಿಡಿದು ಅಳೆದರೆ ಅವರಿಗೆ ಅವಮಾನ. ಅದಕ್ಕೇ ಪಾಳಿ ಮುಗಿದ ಮೇಲೆ, ದಿನವಿಡೀ ಅಂಕಿ ನೋಡಿ ಕಣ್ಣು ಮಂಜಾದ ಮೇಲೆ, ತಾನೇ ತೋಳು ಮಡಚುತ್ತಿದ್ದಳು. ಫಿಟ್ಟರು ಎರಡು ನಿಮಿಷದಲ್ಲಿ ಕೂರಿಸುವ ಕೊಳವೆಗೆ ಅವಳು ಹನ್ನೊಂದು ನಿಮಿಷ ತೆಗೆದುಕೊಂಡ ಸಂಜೆ ಇಡೀ ಶೆಡ್ಡು ಸುತ್ತ ನಿಂತು ಚಪ್ಪಾಳೆ ಹೊಡೆದಿತ್ತು. ಅವಳ ಅಂದಾಜು ಬೇರೆಯವರದಕ್ಕಿಂತ ಯಾವಾಗಲೂ ಸ್ವಲ್ಪ ಹೆಚ್ಚು. ವರ್ಷ ಕಳೆದ ಮೇಲೆ ನೋಡಿದರೆ ನಿಜವಾಗುತ್ತಿದ್ದದ್ದು ಅದೇ. ಅವಳು ಅಳೆದ ಸಾಲಿನಲ್ಲಿ ಯಾರೂ ಓಡಿ ಓಡಿ ಕೆಲಸ ಮಾಡಬೇಕಾಗಿ ಬರಲಿಲ್ಲ.

*

"ನಾನು ಹೋಗ್ಲಾ?" ದೊಡ್ಡಮ್ಮ ಕೇಳಿದರು. "ಎಪ್ಪತ್ತೆರಡು. ನನಗಿಂತ ನಿಧಾನದ ಕೈ ಬೇಕಾ?"

"ನೀವು ಒಳಗೆ ಹೋದ್ರೆ ಎಳೆಯೋಕೆ ಇನ್ನೊಂದು ಗಾಡಿ ತರಿಸ್ಬೇಕು," ಎಂದ ಡ್ರೈವರ್. ಅವನೂ ಈಗ ಆಟಕ್ಕೆ ಸೇರಿದ್ದ.

ಮೇಷ್ಟ್ರು ಕನ್ನಡಕ ತೆಗೆದು ಮಗಳ ಕೈಗೆ ಕೊಟ್ಟರು. ಆಮೇಲೆ ಏನೋ ನೆನೆದು ಮತ್ತೆ ಹಾಕಿಕೊಂಡರು.

"ಅಪ್ಪ, ಬೇಡ. ಬಿಳಿ ಅಂಗಿ."

"ಸ್ಪ್ಯಾನರ್ ಯಾವತ್ತೂ ಹಿಡಿದವನಲ್ಲ. ಎರಡು ದಿನದಿಂದ ನಿದ್ದೆ ಇಲ್ಲ. ಇದಕ್ಕಿಂತ ಸರಿಯಾದ ಕೈ ಇವತ್ತು ಯಾರದಿದೆ?" ಕೀಲಿಯನ್ನು ಎದೆಯ ಜೇಬಿಗೆ ಹಾಕಿಕೊಂಡು ರಟ್ಟಿನ ಮೇಲೆ ಅಂಗಾತ ಮಲಗಿ, ಹಿಮ್ಮಡಿ ಒತ್ತಿ ಒತ್ತಿ ಒಳಗೆ ಸರಿದರು.

ಪೆನ್ಸಿಲ್ ಗಡಿಯಾರ ಒತ್ತಿದಳು.

ಮೊದಲ ಕ್ಲಿಪ್ಪು ಜಾರಿ ಅವರ ಮೂಗಿನ ಮೇಲೆ ಬಿತ್ತು. "ಅಮ್ಮಾ!" ಎಂದದ್ದು ಬೀದಿಗೆಲ್ಲ ಕೇಳಿತು. ಎರಡನೆಯದು ಹತ್ತಿತು. ಮೂರನೆಯದರ ಹೊತ್ತಿಗೆ ಹಗ್ಗ ಕುತ್ತಿಗೆಗೆ ಸುತ್ತಿಕೊಂಡಿತು. "ಎಡಕ್ಕೆ ತಿರುಗಿ ಮೇಷ್ಟ್ರೇ," ಎಂದು ಯಾರೋ ಕೂಗಿದರು. ಫಿಟ್ಟರ್ ಮಾಮ ಗದರಿದರು. "ಯಾರೂ ಹೇಳಿಕೊಡೋ ಹಾಗಿಲ್ಲ. ಹೊಸಬನಿಗೆ ಯಾರು ಹೇಳಿಕೊಡ್ತಾರೆ?"

"ಹೊಸಬನಿಗೆ ನೀವೇ ಹೇಳಿಕೊಟ್ಟಿದ್ದು," ಎಂದಿತು ಹಿಂದಿನ ಸಾಲಿನ ದನಿಯೊಂದು. "ಕೆಟ್ಟ ಮಾತೂ ಸೇರಿಸಿ."

ಆರನೆಯ ಕ್ಲಿಪ್ಪಿನ ನಂತರ ಸದ್ದು ನಿಂತಿತು.

"ಮೇಷ್ಟ್ರೇ, ಇದ್ದೀರಾ?"

"ಇದ್ದೀನಿ. ಮಾತಾಡಿಸ್ಬೇಡಿ."

ಅವರ ಮುಖದ ಮೇಲೆ ಒಂದು ಗೇಣು ಅಂತರದಲ್ಲಿ ತಗಡು. ತಗಡಿನ ಮೇಲೆ ಅವಳು. ಮೂವತ್ತಮೂರು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವರಿಗೆ ಇದೇನೂ ದೂರವಲ್ಲ. ಬೆರಳ ಗೆಣ್ಣಿನಿಂದ ತಗಡನ್ನು ಒಮ್ಮೆ ಮೆಲ್ಲಗೆ ತಟ್ಟಿದರು. ಆಮೇಲೆ ಅವರಿಗೆ ನಗು ಬಂತು. ಅವಳು ಕೊಳವೆ ಕೂರಿಸಿದ ಸಂಜೆ ಮನೆಗೆ ಬಂದು, ಹನ್ನೊಂದು ನಿಮಿಷ ಕಣ್ರೀ, ದಾಖಲೆ, ಎಂದು ಕೈಯೆತ್ತಿ ಕುಣಿದದ್ದು ನೆನಪಾಯಿತು. ಹೊಟ್ಟೆ ಕುಲುಕಿತು, ಹಗ್ಗ ನಡುಗಿತು. ನಗುವಿನ ಬೆನ್ನಿಗೇ ಅಳು ಬಂತು, ಅದೂ ಹೋಯಿತು. ಏಳನೆಯ ಗುರುತು ಹುಡುಕಿದರು.

ಹೊರಗೆ ಪೆನ್ಸಿಲ್ ಮೆಲುದನಿಯಲ್ಲಿ ಕೇಳಿದಳು. "ಅವರು ಸುಮ್ಮನಿದ್ದ ಹೊತ್ತನ್ನ ಕಳೀಬೇಕಾ ಮಾಮ?"

"ಕೂಡದು," ಎಂದರು ಫಿಟ್ಟರ್ ಮಾಮ. "ಅದೂ ಕೆಲಸದ ಹೊತ್ತೇ."

ಹನ್ನೆರಡನೆಯ ಕ್ಲಿಪ್ಪು ಚಟ್ ಎಂದಾಗ ಪೆನ್ಸಿಲ್ ಗಡಿಯಾರ ನಿಲ್ಲಿಸಿದಳು. ಯಾರೂ ಶಿಳ್ಳೆ ಹಾಕಲಿಲ್ಲ. ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಇಪ್ಪತ್ತನಾಲ್ಕು."

ಮೂರಕ್ಕೆ ಇನ್ನು ಹತ್ತೇ ನಿಮಿಷ. ಒಬ್ಬ ವೆಲ್ಡರು ತಲೆಯ ಮೇಲೆ ಕೈಹೊತ್ತು ಕಾಂಪೌಂಡಿನ ಮೇಲೆ ಕುಳಿತ.

"ಹದಿಮೂರು ಬರೀ ಹುಡುಗಿ," ದೊಡ್ಡಮ್ಮ ಪಿಸುಗುಟ್ಟಿದರು. "ನಿನ್ನ ಕೈಯೂ ಕೈಯೇ ತಾನೇ? ಸುಳ್ಳೇನಲ್ಲ."

ಪೆನ್ಸಿಲ್ ಫಿಟ್ಟರ್ ಮಾಮನ ಕಡೆ ನೋಡಿದಳು. ಅವರು ನೆಲ ನೋಡಿದರು. ಅವಳು ಖಾಲಿ ಮನೆಯಲ್ಲಿ ಎರಡು ಒತ್ತಿದಳು, ನಾಲ್ಕು ಒತ್ತಿದಳು. ಪಕ್ಕದ ಪುಟ್ಟ ಮನೆಯಲ್ಲಿ, ಮೇಷ್ಟ್ರದು, ಎಂದು ಬರೆದಳು. ಕೆನ್ನೆಯ ಮೇಲೆ ನೀರಿಳಿಯಿತು. ಬೆರಳು ಕಳಿಸುವ ಗುಂಡಿಯ ಮೇಲೆ ಹೋಯಿತು.

"ಒಂದು ಕೇಳ್ಲಾ?" ಎಂದಿತು ವ್ಯಾನಿನ ಅಡಿಯ ದನಿ. ಮೇಷ್ಟ್ರು ಇನ್ನೂ ಹೊರಗೆ ಬಂದಿರಲಿಲ್ಲ. "ಇಲ್ಲೊಂದು ದಪ್ಪ ಕಪ್ಪು ತಂತಿ ಇದೆ. ನನ್ನ ಹಗ್ಗದ ಪಕ್ಕದಲ್ಲೇ ಓಡುತ್ತೆ. ಚಿತ್ರದಲ್ಲಾದ್ರೆ ಎರಡು ಗೆರೆ ಅಷ್ಟು ಹತ್ತಿರ ಎಳೆದ್ರೆ ನಾನು ಒಂದನ್ನ ಅಳಿಸಿಬಿಡ್ತೀನಿ. ಹೊಸ ಗಾಡಿಯಲ್ಲೂ ಇದು ಇರುತ್ತಾ?"

"ಕಪ್ಪು ತಂತೀನಾ? ಅದು ಹಿಂದಿನ ಸಣ್ಣ ಬ್ಯಾಟರಿಯಿಂದ ಸ್ಟಾರ್ಟರಿಗೆ..." ಫಿಟ್ಟರ್ ಮಾಮ ಅರ್ಧಕ್ಕೇ ನಿಂತರು. ಅವರ ಬಾಯಿ ತೆರೆದೇ ಇತ್ತು.

ಗಿಡ್ಡ ವ್ಯಾನಿನಲ್ಲಿ ಆ ಬ್ಯಾಟರಿ ಎಂಜಿನ್ನಿನ ಪಕ್ಕದಲ್ಲೇ ಇರುತ್ತದೆ. ಅಲ್ಲಿ ಈ ತಂತಿಯೇ ಇಲ್ಲ. ಅದಕ್ಕೇ ಯಾರಿಗೂ ಹೊಳೆದಿರಲಿಲ್ಲ. ಹೊಸ ಗಾಡಿಗೆ ಸ್ಟಾರ್ಟರೇ ಇಲ್ಲ. ಸ್ಟಾರ್ಟರಿಲ್ಲದ ಮೇಲೆ ಈ ದಪ್ಪ ತಂತಿ ಯಾಕೆ?

"ಹೋಗುತ್ತೆ!" ಪೆನ್ಸಿಲ್ ಕಿರುಚಿದಳು. "ಅದು ಹೋಗುತ್ತೆ ಸರ್! ಅದಕ್ಕೆ ಎಷ್ಟು ಕ್ಲಿಪ್ಪಿದೆ? ಎಣಿಸಿ, ಎಣಿಸಿ!"

"ತಾಳಮ್ಮ." ಮೇಷ್ಟ್ರು ಸಾವಕಾಶ ಎಣಿಸಿದರು. ಎರಡು ಸಲ ಎಣಿಸಿದರು. "ನಾಲ್ಕು."

"ನಿಮ್ಮ ಕೈಯಲ್ಲಿ ಒಂದು ಕ್ಲಿಪ್ಪಿಗೆ ಎರಡು ನಿಮಿಷ. ನಾಲ್ಕಕ್ಕೆ ಎಂಟು." ಅವಳು ಜಡೆಯಿಂದ ಪೆನ್ಸಿಲ್ ಕಿತ್ತುಕೊಂಡು ಅಂಗೈ ಮೇಲೆ ಬರೆದಳು. "ಇಪ್ಪತ್ತನಾಲ್ಕು ಬಂತು, ಎಂಟು ಹೋಯ್ತು. ಹದಿನಾರು. ಹದಿನಾರು, ಮಾಮ!"

ಬೀದಿಯಲ್ಲಿ ಎದ್ದ ಗದ್ದಲಕ್ಕೆ ಮೂರನೇ ಮನೆಯ ಕಿಟಕಿ ತೆರೆಯಿತು. ವೆಲ್ಡರು ಡ್ರೈವರನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ದೊಡ್ಡಮ್ಮ ಪೆನ್ಸಿಲ್‌ಳ ಕೆಸರಾದ ತಲೆಗೆ ಮುತ್ತಿಟ್ಟರು. ಮೂರಕ್ಕೆ ನಾಲ್ಕು ನಿಮಿಷ ಇರುವಾಗ ಪಟ್ಟಿ ಹೋಯಿತು. ಮೂರು ದಾಟಿ ಎರಡು ನಿಮಿಷಕ್ಕೆ ಒಂದು ಸಾಲಿನ ಉತ್ತರ ಬಂತು: ಎಲ್ಲ ಮನೆಗಳೂ ತುಂಬಿವೆ, ಸ್ವೀಕರಿಸಿದ್ದೇವೆ.

"ಯಾರಾದ್ರೂ ನನ್ನನ್ನ ಹೊರಗೆ ಎಳೀತೀರಾ?" ಎಂದರು ಮೇಷ್ಟ್ರು.

*

ಸಭಾಂಗಣದಲ್ಲಿ ಕುರ್ಚಿಗಳು ಸಾಲಲಿಲ್ಲ. ನಲವತ್ತೆರಡು ಜನ ಗೋಡೆಗೆ ಒರಗಿ ನಿಂತರು. ಹೊರಡುವ ಮೊದಲು ಮಗಳು ಬೇರೆ ಅಂಗಿ ತಂದು ಹಿಡಿದಿದ್ದಳು; ಮೇಷ್ಟ್ರು ಬೇಡವೆಂದು ಕೈಯಾಡಿಸಿದ್ದರು. ಎರಡು ಮಾತಾಡಿ ಎಂದು ಎಲ್ಲರೂ ಅಂದಾಗ ಅವರು ಎದ್ದು, ಪೆಟ್ಟಿಗೆಯ ಪಕ್ಕದಲ್ಲಿ ನಿಂತು, ಜನರ ಕಡೆ ತಿರುಗಿದರು.

ಬಿಳಿ ಅಂಗಿಯ ಮೇಲೆ ಹೊಟ್ಟೆಯಿಂದ ಕೊರಳಪಟ್ಟಿಯವರೆಗೆ ಒಂದು ಕಪ್ಪು ಗೆರೆ ಎದ್ದು ಕಾಣುತ್ತಿತ್ತು. ಅಂಗಾತ ಸರಿಯುತ್ತ ಹೋದಾಗ ವ್ಯಾನಿನ ತೊಲೆ ಎಳೆದ ಗೆರೆ. ಅಲ್ಲಲ್ಲಿ ಕೈ ಒರೆಸಿಕೊಂಡ ಬೆರಳ ಗುರುತು.

ಬಾಯಿ ತೆರೆದು, ಮುಚ್ಚಿ, ತಲೆ ತಗ್ಗಿಸಿದರು.

"ಆ ಕೆಳಗಿನ ಕಲೆ ಸೈಲೆನ್ಸರ್ ಪೈಪಿಂದು," ಗೋಡೆಯ ಕಡೆಯಿಂದ ಯಾರೋ ಮೆಲ್ಲಗೆ ಓದಿದರು. ಪಕ್ಕದವನು ನಕ್ಕ. ಅದರ ಪಕ್ಕದವನೂ. "ಅದರ ಮೇಲಿಂದು ನಡು ತೊಲೆ." ನಗು ಸಾಲಿನಿಂದ ಸಾಲಿಗೆ ಮುಂದೆ ಬಂದು ಮೊದಲ ಸಾಲಿನ ಮಗಳನ್ನು ಮುಟ್ಟಿತು.

ಮೇಷ್ಟ್ರು ತಮ್ಮ ಎದೆಯನ್ನು ತಾವೇ ನೋಡಿಕೊಂಡರು. ಕನ್ನಡಕ ಸರಿಮಾಡಿಕೊಂಡರು. ನಂತರ ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತು ಮಾಡಿದಂತೆ ತೋರುಬೆರಳನ್ನು ಗೆರೆಯ ಕೆಳತುದಿಗೆ ಇಟ್ಟರು.

"ಅವಳ ಕೊನೆಯ ಅಂದಾಜು. ಇಲ್ಲಿಂದ ಶುರು," ಎಂದರು.

ಬೆರಳು ಮೆಲ್ಲಗೆ ಮೇಲಕ್ಕೆ ಹೊರಟಿತು. ಒಂದೊಂದು ಗುರುತಿನಲ್ಲೂ ನಿಲ್ಲುತ್ತ, ಸ್ವಲ್ಪವೂ ಅವಸರವಿಲ್ಲದೆ.